ಎರಡು ಮೊಳ ನೆಲ

ಮನೆಯ ಗೋಡೆ ಮುಗಿದಲ್ಲಿಂದ ಬಂಡಿಯ ಗಾಲಿ ಹಾಯುವ ಜಾಡಿನವರೆಗೆ ನಮ್ಮ ಕಡೆಯ ಓಣಿಗಳಲ್ಲಿ ಒಂದೆರಡು ಮೊಳ ನೆಲ ಉಳಿದಿರುತ್ತಿತ್ತು. ಅದಕ್ಕೊಂದು ಹೆಸರಿಲ್ಲ. ಅಂಗಳವೆನ್ನೋಣವೆಂದರೆ ಅಂಗಳ ತಲಬಾಗಿಲ ಒಳಗಿನದು. ಹಿತ್ತಲವೆಂದರೆ ಮನೆಯ ಬೆನ್ನಿಗಿರುವುದು. ಕಟ್ಟೆ ಕಲ್ಲಿನದು, ಗಂಡಸರು ಕೂಡ್ರುವುದು. ಸರಕಾರದ ಕಾಗದಗಳಲ್ಲಂತೂ ಅದು ರಸ್ತೆಯೊಳಗೇ ಕರಗಿಹೋಗಿದೆ. ಹೆಸರಿಲ್ಲದ ಆ ನೆಲದಲ್ಲಿ ಹೆಣ್ಣುಮಕ್ಕಳು ಪುಂಡಿಪಲ್ಯ ಹಾಕುತ್ತಿದ್ದರು, ಗೋಡೆಗೆ ಹೀರೆಬಳ್ಳಿ ಹಬ್ಬಿಸುತ್ತಿದ್ದರು, ಕನಕಾಂಬರ, ದುಂಡುಮಲ್ಲಿಗೆ, ದಾಸವಾಳ ಬೆಳೆಸುತ್ತಿದ್ದರು. ಓಣಿಯ ಜಗಳಗಳಲ್ಲಿ ಅರ್ಧದಷ್ಟು ಹುಟ್ಟುತ್ತಿದ್ದುದೂ ಅಲ್ಲಿಯೇ. ಊರಿನ ಚರಿತ್ರೆ ಬರೆಯುವವರು ಕೋಟೆ ನೋಡುತ್ತಾರೆ, ಗುಡಿ ನೋಡುತ್ತಾರೆ, ಶಾಸನದ ಕಲ್ಲು ತೊಳೆದು ಓದುತ್ತಾರೆ. ಗೋಡೆಯ ಬುಡದ ಈ ಎರಡು ಮೊಳಕ್ಕೂ ಒಂದು ಚರಿತ್ರೆಯಿದೆ, ಅದು ಬಹುಮಟ್ಟಿಗೆ ಹೆಂಗಸರ ಚರಿತ್ರೆ ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತ ಬಂದಿದೆ.

ಚಿತ್ತಾಪುರ ತಾಲ್ಲೂಕಿನ ದಂಡೋತಿ ಕಾಗಿಣಾ ದಂಡೆಯ ಊರು. ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡದ ಕೋಟೆಯ ಮಗ್ಗುಲಿಗೆ ಹಾಯ್ದು ಬರುವ ಹೊಳೆ ಇದು. ಮುಂದೆ ಹೊನಗುಂಟಾದ ಹತ್ತಿರ ಭೀಮೆಯನ್ನು ಕೂಡುತ್ತದೆ. ಮಳೆ ಜೋರಾದ ವರ್ಷ ದಂಡೋತಿಯ ಸೇತುವೆ ಮುಳುಗಿ ದಾರಿ ಬಂದಾಗುವ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಹೊಳೆ ಅಷ್ಟು ಹತ್ತಿರವಿದ್ದರೂ ಬೇಸಿಗೆಯಲ್ಲಿ ಈ ಭಾಗದ ಹೆಂಗಸರ ನೀರಿನ ಕಷ್ಟ ಕಷ್ಟವೇ. ನೆಲವೂ ಅಷ್ಟು ಉದಾರಿಯಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಈ ಸುತ್ತಿನಲ್ಲೆಲ್ಲ ಮಣ್ಣಿನ ಕೆಳಗೆ ಹಾಸುಹಾಸಾಗಿ ಸುಣ್ಣದ ಕಲ್ಲು. ಅದನ್ನೇ ಹಲಗೆಯಂತೆ ಎಬ್ಬಿಸಿ ಶಹಾಬಾದ ಕಲ್ಲು ಎಂದು ದೇಶಕ್ಕೆಲ್ಲ ಕಳಿಸಿದರು. ನಮ್ಮ ಮನೆಗಳ ನೆಲಕ್ಕೆ ಪರಸಿ, ಮಾಳಿಗೆಗೆ ಪರಸಿ, ಗೋಡೆಗೂ ಪರಸಿ. ಹೀಗೆ ಒಳಗೆಲ್ಲ ಕಲ್ಲು ಹಾಸಿದ ಮನೆಯಲ್ಲಿ ಒಂದು ಗಿಡ ನೆಡಬೇಕೆಂದರೆ ಮಣ್ಣೆಲ್ಲಿದೆ? ತುಳಸಿಗೆ ಕಟ್ಟೆ ಕಟ್ಟಿ ಹೊರಗಿನಿಂದ ಮಣ್ಣು ತಂದು ತುಂಬಬೇಕು. ಮಿಕ್ಕ ಗಿಡಗಳೆಲ್ಲ ಗೋಡೆಯ ಆಚೆಗೆ ಹೋದವು.

ಆಚೆಗೆ ಹೋಗಲು ಇನ್ನೊಂದು ಕಾರಣವಿತ್ತು, ಬಚ್ಚಲ ನೀರು. ಗಟಾರಗಳು ಬರುವ ಮೊದಲು ಬಚ್ಚಲ ಕಂಡಿ ಓಣಿಯ ಕಡೆಗೇ ತೆರೆಯುತ್ತಿತ್ತು. ತಲೆಯ ಮೇಲೆ ಕೊಡ ಹೊತ್ತು ತಂದ ನೀರನ್ನು ಒಮ್ಮೆ ಬಳಸಿ ಬಿಟ್ಟುಬಿಡುವುದು ಯಾವ ಹೆಣ್ಣಿಗೂ ಮನಸ್ಸಿಗೆ ಒಪ್ಪುವ ಕೆಲಸವಲ್ಲ. ಅಕ್ಕಿ ತೊಳೆದ ನೀರು, ಮುಸುರೆ ತೊಳೆದ ನೀರು, ಮಕ್ಕಳ ಮೈ ತೊಳೆದ ನೀರು ಕಂಡಿಯಿಂದ ಹೊರಬಿದ್ದಲ್ಲಿ ಕೆಸರಾಗುವ ಬದಲು ಬಾಳೆಯಾಯಿತು, ಕೆಸುವಾಯಿತು, ಪುಂಡಿಯಾಯಿತು. ಓಣಿಯ ತೋಟ ಯಾರೂ ಯೋಚಿಸಿ ಮಾಡಿದ್ದಲ್ಲ, ನೀರು ಹೋದಲ್ಲಿ ಹೆಂಗಸರ ಕೈ ಹೋಯಿತು, ಅಷ್ಟೆ. ಕಾಯಿಪಲ್ಯದ ಸಂತೆ ವಾರಕ್ಕೊಮ್ಮೆ ಇದ್ದ ಕಾಲದಲ್ಲಿ ಮಂಗಳವಾರ ರಾತ್ರಿಯ ಊಟಕ್ಕೆ ಈ ಎರಡು ಮೊಳವೇ ದಿಕ್ಕು.

ದಾರಿಯ ಬದಿಗೆ ಗಿಡ ನೆಡುವುದು ಈ ದೇಶದಲ್ಲಿ ಹಳೆಯ ಪುಣ್ಯಕಾರ್ಯ. ಅಶೋಕ ತನ್ನ ಶಾಸನಗಳಲ್ಲಿ ದಾರಿಗುಂಟ ಮರ ನೆಡಿಸಿದ್ದನ್ನೂ, ಬಾವಿ ತೋಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ಮನುಷ್ಯರಿಗೂ ದನಕರುಗಳಿಗೂ ನೆರಳಾಗಲೆಂದು ಆಲದ ಮರ, ಮಾವಿನ ತೋಪು. ಆ ಅಶೋಕ ನಮಗೆ ದೂರದವನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ೧೯೮೬ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠಕ್ಕೆ ಹಾಕಿದ್ದ ಕಲ್ಲಿನಲ್ಲಿಯೇ ಅವನ ಶಾಸನ ಸಿಕ್ಕಿತು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ಹೆಸರು ಕೊರೆದ ಅವನ ಚಿತ್ರವೂ ಸಿಕ್ಕಿತು. ಸನ್ನತಿಯ ಕಲ್ಲಿನಲ್ಲಿ ದಾರಿಬದಿಯ ಮರಗಳ ಮಾತಿಲ್ಲ, ಅದು ಬೇರೆ ಶಾಸನಗಳಲ್ಲಿದೆ. ಇಲ್ಲಿ ಇರುವುದು ಪರಧರ್ಮವನ್ನು ಗೌರವಿಸಬೇಕೆಂಬ ಹನ್ನೆರಡನೆಯದು, ಹದಿನಾಲ್ಕನೆಯದು, ಮತ್ತೆ ಅಧಿಕಾರಿಗಳಿಗೆಂದೇ ಬರೆಸಿದ ಎರಡು ಪ್ರತ್ಯೇಕ ಶಾಸನಗಳು. ಕಳಿಂಗದ ಧೌಲಿಯಲ್ಲಿಯೂ ಇರುವ ಆ ಪ್ರತ್ಯೇಕ ಶಾಸನದಲ್ಲಿ ರಾಜ ತನ್ನ ಅಧಿಕಾರಿಗಳಿಗೆ ಸಿಟ್ಟು, ಅಸೂಯೆ, ಕ್ರೌರ್ಯ, ಅವಸರ, ಸೋಮಾರಿತನ ಇವನ್ನೆಲ್ಲ ಬಿಟ್ಟು ನ್ಯಾಯವಾಗಿ ನಡೆಯಿರಿ ಎಂದು ಬುದ್ಧಿ ಹೇಳುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಗುದ್ದಲಿ ಹಿಡಿದು ಓಣಿಗೆ ಬಂದವರನ್ನು ಕಂಡಾಗಲೆಲ್ಲ ನನಗೆ ಮರಗಳ ಶಾಸನಕ್ಕಿಂತ ಈ ಶಾಸನವೇ ನೆನಪಾಗುತ್ತದೆ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ನಮ್ಮ ಸೀಮೆಯ ಶಾಸನಗಳಲ್ಲಿ ಹೂದೋಟದ ದಾನ ಬೇಕಾದಷ್ಟು. ದೇವರಿಗೆ ದೀಪಕ್ಕೆ ಇಷ್ಟು, ನೈವೇದ್ಯಕ್ಕೆ ಇಷ್ಟು, ಹೂದೋಟಕ್ಕೆ ಇಷ್ಟು ಎಂದು ಅಳೆದು, ಪೂರ್ವಕ್ಕೆ ಇಂಥದು, ಪಶ್ಚಿಮಕ್ಕೆ ಇಂಥದು ಎಂದು ಗಡಿ ಹೇಳಿ, ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪವೆಂದು ಶಾಪವನ್ನೂ ಹಾಕಿರುತ್ತಾರೆ. ದೇವರ ಮಲ್ಲಿಗೆಗೆ ಇಷ್ಟು ಕಾವಲು. ಅದೇ ಮಲ್ಲಿಗೆ ಬಡವಿಯೊಬ್ಬಳ ಬಾಗಿಲ ಹೊರಗೆ ಅರಳಿದರೆ ಅದಕ್ಕೆ ಗಡಿಕಲ್ಲೂ ಇಲ್ಲ, ಶಾಪವೂ ಇಲ್ಲ. ಅರಸ ನೆಟ್ಟರೆ ಧರ್ಮ, ಗೌಡ ನೆಟ್ಟರೆ ದಾನ, ಹೆಂಗಸು ನೆಟ್ಟರೆ ಒತ್ತುವರಿ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಮಾತು ಅಷ್ಟು ಸರಳವಾಗಿಲ್ಲ.

ಏಕೆಂದರೆ ಓಣಿ ಎಲ್ಲರದು ಎನ್ನುವುದು ಮೊದಲಿನಿಂದ ಇದ್ದ ಮಾತಲ್ಲ. ನಮ್ಮ ನಾಡಿನ ಅನೇಕ ಊರುಗಳಲ್ಲಿ ಇಂಥವರು ಇಂಥ ಓಣಿಯಲ್ಲಿ ಚಪ್ಪಲಿ ಮೆಟ್ಟಿ ಹಾಯುವಂತಿಲ್ಲ, ಮದುವೆಯ ಮೆರವಣಿಗೆ ಒಯ್ಯುವಂತಿಲ್ಲ ಎಂಬ ಕಟ್ಟಳೆ ನಮ್ಮ ಅಜ್ಜಿಯರು ಕಂಡದ್ದೇ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇವನ್ನು ಬಳಸಲು ಯಾರನ್ನೂ ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ಇವುಗಳ ಕಾರಣಕ್ಕೆ ತಡೆಯಕೂಡದೆಂದು ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ ಹದಿನೈದನೆಯ ವಿಧಿಯಲ್ಲಿ ಬರೆಯಬೇಕಾಯಿತು. ಬರೆಯಬೇಕಾಯಿತು ಎಂದರೆ ಅದಕ್ಕೆ ಮೊದಲು ತಡೆಯುತ್ತಿದ್ದರು ಎಂದೇ ಅರ್ಥ. ಹೀಗೆ ಕಷ್ಟದಿಂದ ಎಲ್ಲರದಾದ ರಸ್ತೆಯನ್ನು ನಾಲ್ಕು ದಾಸವಾಳದ ಗಿಡ ತೋರಿಸಿ ಯಾರೋ ಮತ್ತೆ ತಮ್ಮದಾಗಿ ಮಾಡಿಕೊಳ್ಳುವುದಾದರೆ ಹೂವೆಂದು ಮೆಚ್ಚಿ ಸುಮ್ಮನಿರಲು ಬರುವುದಿಲ್ಲ. ನಡುವೆ ಮುಳ್ಳಿನ ಬೇಲಿ ಬಂದಾಗ ಆ ಸಂಶಯ ಬಲವಾಗುತ್ತದೆ. ಓಣಿಯ ಜಗಳಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ, ಬೈಗುಳವೆಲ್ಲ ಗಿಡದ ಮೇಲೆ ಹೋಗುತ್ತಿದ್ದರೂ ಸಿಟ್ಟು ಇರುವುದು ಬೇಲಿಯ ಮೇಲೆ.

ನಮ್ಮ ದೊಡ್ಡವ್ವನ ಜಗಳವೂ ಬೇಲಿಯದೇ. ೧೯೮೦ರ ದಶಕದ ಮಾತು. ಗಂಡ ತೀರಿಕೊಂಡ ಮೇಲೆ ಅವಳು ಮನೆಯ ಮುಂದಿನ ನೆಲದಲ್ಲಿ ಕನಕಾಂಬರ ಹಾಕಿದ್ದಳು. ತಾನು ಮುಡಿಯಲು ಬಾರದ ಹೂವನ್ನು ಮೊಳ ಕಟ್ಟಿ ಓಣಿಯ ಹುಡುಗಿಯರಿಗೆ ಮಾರಿ ಕೈಖರ್ಚಿಗೆ ಇಟ್ಟುಕೊಳ್ಳುತ್ತಿದ್ದಳು. ದನ ಮೇಯುತ್ತವೆಂದು ಜಾಲಿಯ ಮುಳ್ಳು ತಂದು ಸುತ್ತ ಬಡಿದಳು. ಮುಳ್ಳು ಒಣಗಿದಂತೆ ಹೊರಗೊಂದು ಸುತ್ತು, ಅದು ಒಣಗಿದಂತೆ ಮತ್ತೊಂದು ಸುತ್ತು. ಬೇಲಿ ವರ್ಷಕ್ಕೊಂದು ಗೇಣು ನಡೆಯುತ್ತದೆ ಎಂದು ನಮ್ಮ ಕಡೆ ನಗೆಯಾಡುವುದು ಸುಳ್ಳಲ್ಲ. ಎದುರು ಮನೆಯವನು ಬಂಡಿ ಹೋಗಿ ಟ್ರ್ಯಾಕ್ಟರ್ ಕೊಂಡ ವರ್ಷ ತಿರುವಿಗೆ ಜಾಗ ಸಾಲದೆ ಮಾತು ಬೆಳೆಯಿತು.

'ದೊಡ್ಡವ್ವ, ರಸ್ತಾ ನಿಮ್ಮ ಮನಿತನದ್ದೇನು?'

'ನನ್ನದು ಅಂತ ನಾ ಎಲ್ಲಿ ಅಂದೀನೋ ತಮ್ಮಾ? ಜಾಗಾ ಊರಂದು. ನೀರು ನಂದು, ಗಿಡಾ ನಂದು.'

'ಮುಳ್ಳು ಯಾರದು?'

ಈ ಮೂರನೆಯ ಪ್ರಶ್ನೆಗೆ ದೊಡ್ಡವ್ವನ ಹತ್ತಿರ ಉತ್ತರ ಇರಲಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಮುಳ್ಳು ತೆಗೆಯಬೇಕು, ಗಿಡ ಕೀಳಬಾರದು ಎಂದು ಹೇಳಿದರು. ಆಕೆ ಮುಳ್ಳು ತೆಗೆದು ಹೊರಗಿನ ಸಾಲಿಗೆ ಕಣಗಿಲ ನೆಟ್ಟಳು. ಕಣಗಿಲಿಗೆ ದನ ಬಾಯಿ ಹಾಕುವುದಿಲ್ಲ. ಟ್ರ್ಯಾಕ್ಟರಿನ ಗಾಲಿ ಹಾಯಲು ಜಾಗವೂ ಆಯಿತು, ಒಳಗಿನ ಕನಕಾಂಬರವೂ ಉಳಿಯಿತು. ಕೋರ್ಟುಗಳಲ್ಲಿ ನಾನು ಓದಿದ ಎಷ್ಟೋ ತೀರ್ಪುಗಳಿಗಿಂತ ಈ ತೀರ್ಪಿನ ಬಗ್ಗೆ ನನಗೆ ಗೌರವ ಹೆಚ್ಚು.

ಆದರೆ ಅಷ್ಟರಿಂದಲೇ ಆಕೆಗೆ ಏನೂ ಹಕ್ಕು ಬಂದಂತಾಗಲಿಲ್ಲ. ನಮ್ಮ ಸೀಮೆ ೧೯೪೮ರವರೆಗೆ ನಿಜಾಮರ ಆಳಿಕೆಯಲ್ಲಿತ್ತು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯಕ್ಕೆ ಸೇರಿತು, ಆಮೇಲೆ ಇಡೀ ರಾಜ್ಯಕ್ಕೆ ಒಂದೇ ಕಂದಾಯದ ಕಾನೂನಾಗಿ ೧೯೬೪ರ ಭೂಕಂದಾಯ ಅಧಿನಿಯಮ ಬಂದಿತು. ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಸೇತುವೆ ಇವೆಲ್ಲ ಸರಕಾರದ ಸ್ವತ್ತು ಎಂದು ಅದರಲ್ಲಿದೆ. ಅಷ್ಟೇ ಆಗಿದ್ದರೆ ಗೋಡೆಯ ಬುಡದ ನೆಲಕ್ಕೆ ಇನ್ನೂ ಒಂದಿಷ್ಟು ವಾದಕ್ಕೆ ಎಡೆಯಿರುತ್ತಿತ್ತು. ಕಾನೂನು ಬರೆದವರು ಜಾಣರು. ಅವುಗಳ ಮೇಲಿರುವ, ಅವುಗಳ ಪಕ್ಕಕ್ಕಿರುವ ಕಂದಕ, ಒಡ್ಡು, ಬೇಲಿಗಳನ್ನೂ ಸೇರಿಸಿಬಿಟ್ಟಿದ್ದಾರೆ. ಅಂದರೆ ದೊಡ್ಡವ್ವ ಕಾಡಿನಿಂದ ಹೊತ್ತು ತಂದ ಜಾಲಿಮುಳ್ಳೂ ನೆಲಕ್ಕೆ ಬಿದ್ದ ಕೂಡಲೇ ಸರಕಾರದ್ದಾಯಿತೋ ಏನೋ! ಪಟ್ಟಣಗಳಿಗೆ ಅದೇ ೧೯೬೪ರ ಪೌರಸಭೆಗಳ ಅಧಿನಿಯಮ, ಹಳ್ಳಿಗಳಿಗೆ ೧೯೯೩ರ ಪಂಚಾಯತ್ ರಾಜ್ ಕಾನೂನು ಓಣಿಯ ಮೇಲ್ವಿಚಾರಣೆಯನ್ನು ಆಯಾ ಸಂಸ್ಥೆಗೆ ಒಪ್ಪಿಸಿವೆ. ಗಿಡ ದೊಡ್ಡದಾಗಿ ಮರವಾಯಿತೋ, ೧೯೭೬ರ ಮರಗಳ ಸಂರಕ್ಷಣೆಯ ಕಾನೂನು ಬರುತ್ತದೆ. ಆಗ ನೆಟ್ಟವಳೇ ಕಡಿಯಬೇಕೆಂದರೂ ಮರದ ಅಧಿಕಾರಿಯ ಅಪ್ಪಣೆ ಬೇಕಾದೀತು. ಸಸಿಯಾಗಿದ್ದಾಗ ಒತ್ತುವರಿ, ಮರವಾದ ಮೇಲೆ ಸರಕಾರದ ಆಸ್ತಿ. ನಡುವೆ ನೀರು ಹಾಕಿದ ಹತ್ತು ವರ್ಷಕ್ಕೆ ಕಾನೂನಿನಲ್ಲಿ ಹೆಸರಿಲ್ಲ. ಫಲಕ್ಕೂ ಅಷ್ಟೇ. ರಸ್ತೆಬದಿಯ ಹುಣಸೆ ಮರಗಳ ಫಸಲನ್ನು ಹರಾಜು ಹಾಕುವ ಪದ್ಧತಿ ನಮ್ಮಲ್ಲಿ ಉಂಟು. ಬಿದ್ದ ಹುಣಸೆಕಾಯಿ ಆರಿಸಿಕೊಂಡ ಹುಡುಗಿಯನ್ನು ಗುತ್ತಿಗೆದಾರನ ಆಳು ಓಡಿಸಿಕೊಂಡು ಬಂದದ್ದು ನಮ್ಮಲ್ಲಿ ಯಾರಿಗೆ ನೆನಪಿಲ್ಲ?

ಇನ್ನೊಂದು ಸಂಗತಿ ಓದುಗ ಸಹೋದರಿಯರು ಗಮನಿಸಿರಬಹುದು. ಓಣಿಯ ಗಿಡ ತೆಗೆಯಿರಿ ಎಂಬ ನೋಟೀಸು ಮನೆಯ ಗಂಡಸಿನ ಹೆಸರಿಗೆ ಬರುತ್ತದೆ. ಅವನಿಗೆ ಎಷ್ಟೋ ಸಲ ಆ ಗಿಡದ ಹೆಸರೂ ಗೊತ್ತಿರುವುದಿಲ್ಲ. ಮನೆ ಅವನ ಹೆಸರಿಗಿದೆ, ಆದ್ದರಿಂದ ತಪ್ಪೂ ಅವನ ಹೆಸರಿಗೆ. ಗುದ್ದಲಿ ಬರುವುದು ಮಾತ್ರ ಅವನು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಬಾಗಿಲಿಗೆ ಬಂದು ಉತ್ತರಿಸುವವಳು ಹೆಂಗಸು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂದದ್ದು ೧೯೯೪ರಲ್ಲಿ, ದೇಶಕ್ಕೆಲ್ಲ ೨೦೦೫ರಲ್ಲಿ. ಅದಕ್ಕೂ ಹಿಂದಿನ ತಲೆಮಾರುಗಳ ಹೆಂಗಸರಿಗೆ ತವರಿನ ಹೊಲ ಅಣ್ಣತಮ್ಮಂದಿರದು, ಗಂಡನ ಮನೆಯ ಹೊಲ ಮಾವನದು. ಏನು ಬೆಳೆಯಬೇಕೆಂದು ತಾನೇ ನಿರ್ಧರಿಸಿ, ತಾನೇ ಕೊಯ್ದು, ಬಂದ ನಾಲ್ಕಾಣೆಯನ್ನು ತಾನೇ ಸೆರಗಿಗೆ ಕಟ್ಟಿಕೊಂಡ ನೆಲವೆಂದರೆ ಎಷ್ಟೋ ಜನರ ಪಾಲಿಗೆ ಈ ಓಣಿಯಂಚೊಂದೇ ಆಗಿತ್ತು. ಯಾರದೂ ಅಲ್ಲದ ಜಾಗವಾದ್ದರಿಂದಲೇ ಅದು ಅವಳಿಗೆ ಸಿಕ್ಕಿತು. ಅದನ್ನು ಕಳೆದುಕೊಳ್ಳುವಾಗ ಅವಳು ಕೂಗಾಡಿದರೆ, ನಾಲ್ಕು ಗಿಡಕ್ಕೆ ಇಷ್ಟೇಕೆ ರಂಪ ಎನ್ನುವವರು ಇದನ್ನು ತಿಳಿಯಬೇಕು.

ಈ ಮಾತಿಗೆ ದೊಡ್ಡ ಸಾಕ್ಷಿ ನಮ್ಮ ಸೀಮೆಯಲ್ಲಿಲ್ಲ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಲ್ಲಿದೆ. ಗುಬ್ಬಿಯಲ್ಲಿ ಹುಟ್ಟಿದ ತಿಮ್ಮಕ್ಕ ಹುಲಿಕಲ್ಲಿನ ಬಿಕ್ಕಲ ಚಿಕ್ಕಯ್ಯನವರನ್ನು ಮದುವೆಯಾದರು. ಇಬ್ಬರೂ ಕೂಲಿ ಮಾಡಿ ಬದುಕಿದವರು. ಶಾಲೆ ಕಂಡವರಲ್ಲ. ಮಕ್ಕಳಾಗಲಿಲ್ಲ. ಮಕ್ಕಳಿಲ್ಲದ ಹೆಂಗಸನ್ನು ನಮ್ಮ ಸಮಾಜ ಹೇಗೆ ಕಾಣುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗಂಡಹೆಂಡತಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಎರಡೂ ಬದಿಗೆ ಆಲದ ಸಸಿ ನೆಡಲು ಆರಂಭಿಸಿದರು. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಅದರ ಮುಂದಿನ ವರ್ಷ ಇಪ್ಪತ್ತು. ಮಳೆಗಾಲದಲ್ಲಿ ನೆಡುವುದು, ಬೇಸಿಗೆಯಲ್ಲಿ ಕೊಡ ಹೊತ್ತು ನೀರುಣಿಸುವುದು, ದನಕ್ಕೆ ಸಿಗದಂತೆ ಮುಳ್ಳು ಕಟ್ಟುವುದು. ನಾಲ್ಕು ಕಿಲೋಮೀಟರಿನ ಆಸುಪಾಸಿನ ಆ ದಾರಿಯಲ್ಲಿ ಕೊನೆಗೆ ನಿಂತ ಆಲದ ಮರಗಳು ೩೮೫ ಎಂದು ಲೆಕ್ಕ. ಕೂಲಿಯ ದಿನ ಮುಗಿಸಿ ಬಂದು ಮಾಡಿದ ಕೆಲಸ ಇದು ಎನ್ನುವುದನ್ನು ಮರೆಯಬಾರದು. ಒಂದು ಕೊಡ ನೀರಿನ ಭಾರ ಗೊತ್ತಿದ್ದವರಿಗೆ ಮಾತ್ರ ಈ ಲೆಕ್ಕದ ಅಂದಾಜು ಸಿಕ್ಕೀತು.

ಚಿಕ್ಕಯ್ಯನವರು ೧೯೯೧ರಲ್ಲಿ ತೀರಿಕೊಂಡರು. ಆಮೇಲೆ ಹೆಸರು ಬಂದಿತು. ೧೯೯೫ರ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, ೨೦೧೯ರಲ್ಲಿ ಪದ್ಮಶ್ರೀ. ಪದ್ಮಶ್ರೀ ಪಡೆಯಲು ಹೋದಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದ್ದನ್ನು ದೇಶವೇ ನೋಡಿ ಸಂತೋಷಪಟ್ಟಿತು. ೨೦೨೦ರಲ್ಲಿ ನಮ್ಮ ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಘೋಷಿಸಿತು. ಆದರೆ ನಾನು ಇಲ್ಲಿ ಹೇಳಹೊರಟದ್ದು ಪದ್ಮಶ್ರೀ ಬಂದ ಅದೇ ೨೦೧೯ರ ಇನ್ನೊಂದು ಸಂಗತಿ. ಬಾಗೇಪಲ್ಲಿಯಿಂದ ಹಲಗೂರಿನವರೆಗಿನ ರಸ್ತೆಯನ್ನು ಅಗಲ ಮಾಡುವ ಕೆಲಸ ಹುಲಿಕಲ್-ಕುದೂರು ದಾರಿಯ ಈ ಮರಗಳ ಬುಡಕ್ಕೇ ಬಂದಿತು. ನೂರು ದಾಟಿದ ಮುದುಕಿ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಗೆ ಮೊರೆಯಿಡಬೇಕಾಯಿತು. ಉಪಮುಖ್ಯಮಂತ್ರಿ ಪರಮೇಶ್ವರ ಅವರೂ ಮಾತು ಕೊಟ್ಟರು, ಮರಗಳನ್ನು ಉಳಿಸಿಕೊಂಡು ಬೇರೆ ದಾರಿ ನೋಡಿರೆಂದು ಅಧಿಕಾರಿಗಳಿಗೆ ಸೂಚನೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಯೋಚಿಸಿ ನೋಡಿ. ಅವು ಸರಕಾರದ ಮರಗಳು, ಅವುಗಳ ಉಸ್ತುವಾರಿ ಸರಕಾರದ್ದು. ನೆಟ್ಟವರೆಂಬ ಕಾರಣಕ್ಕೆ ತಿಮ್ಮಕ್ಕನವರಿಗೆ ಅವುಗಳ ಮೇಲೆ ಒಂದು ಎಲೆಯಷ್ಟೂ ಅಧಿಕಾರವಿಲ್ಲ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ಮರಗಳ ಕಾನೂನಿನಲ್ಲಿದೆ. ಹಾಗೆ ಕೇಳಿದ್ದರೂ ಅವರು ಸಾರ್ವಜನಿಕರಲ್ಲಿ ಒಬ್ಬರು, ಅಷ್ಟೆ. ಅವರ ಮೊರೆ ಕೇಳಿಸಿದ್ದು ಪದ್ಮಶ್ರೀಯಿಂದ. ಪದ್ಮಶ್ರೀ ಇಲ್ಲದ ತಿಮ್ಮಕ್ಕಂದಿರು ಊರೂರಿಗೆ ಇದ್ದಾರೆ.

ತಿಮ್ಮಕ್ಕ ನೆಟ್ಟಾಗ ಯಾಕೆ ಯಾರೂ ಜಗಳಕ್ಕೆ ಬರಲಿಲ್ಲ ಎಂಬುದನ್ನೂ ಕೇಳಿಕೊಳ್ಳಬೇಕು. ಅವರು ನೆಟ್ಟದ್ದು ತಮ್ಮ ಮನೆಯ ಗೋಡೆಯಿಂದ ದೂರ. ಹೂವು ಮಾರುವಂತಿಲ್ಲ, ಪಲ್ಯ ಕೊಯ್ಯುವಂತಿಲ್ಲ. ಕಟ್ಟಿದ ಮುಳ್ಳು ಸಸಿ ಬಲಿಯುವವರೆಗೆ ಮಾತ್ರ. ನೆರಳು ಬಿದ್ದದ್ದು ದಾರಿ ನಡೆಯುವವರ ಮೇಲೆ. ಗೋಡೆಯ ಬುಡದ ಕನಕಾಂಬರಕ್ಕೆ ಈ ರಕ್ಷೆ ಇಲ್ಲ, ಅದರಲ್ಲಿ ಸ್ವಂತದ ವಾಸನೆ ಇದೆ. ಹಾಗಾದರೆ ಸ್ವಂತಕ್ಕೆ ಒಂದಿಷ್ಟೂ ಉಳಿಯದಂತೆ ಕೊಟ್ಟರೆ ಮಾತ್ರ ಹೆಂಗಸಿನ ಕೆಲಸಕ್ಕೆ ಮರ್ಯಾದೆಯೇ ಎಂದು ನನ್ನೊಳಗಿನ ಜಗಳಗಂಟಿ ಕೇಳುತ್ತಾಳೆ.

ಈ ಜಗಳ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ರಸ್ತೆಗೂ ಕಾಲುದಾರಿಗೂ ನಡುವಿನ ಪಟ್ಟಿ ನಗರದ್ದು, ಅದನ್ನು ಒಪ್ಪವಾಗಿಡುವ ಹೊಣೆ ಮಾತ್ರ ಎದುರು ಮನೆಯವರದು. ಬಡವರು ಹೆಚ್ಚಾಗಿರುವ, ತಾಜಾ ತರಕಾರಿ ಸಿಗದ ಕೇರಿಯಲ್ಲಿ ರಾನ್ ಫಿನ್ಲಿ ಎಂಬ ಕಪ್ಪು ಜನಾಂಗದ ಗೃಹಸ್ಥರು ೨೦೧೦ರಲ್ಲಿ ತಮ್ಮ ಮನೆಯೆದುರಿನ ಪಟ್ಟಿಯಲ್ಲಿ ತರಕಾರಿ ಬೆಳೆದರು. ನಗರಾಡಳಿತ ನೋಟೀಸು ಕೊಟ್ಟಿತು. ನೆರೆಹೊರೆಯವರು ಸಹಿ ಸಂಗ್ರಹಿಸಿದರು, ಪತ್ರಿಕೆಗಳು ಬರೆದವು, ಕೊನೆಗೆ ನಗರಸಭೆಯೇ ನಿಯಮ ಸಡಿಲಿಸಬೇಕಾಯಿತು. ಆಸ್ಟ್ರೇಲಿಯದ ಬುಡೆರಿಮ್ ಎಂಬಲ್ಲಿ ಹೀಗೇ ರಸ್ತೆಬದಿಗೆ ಹಣ್ಣು ತರಕಾರಿ ಬೆಳೆದು ಓಣಿಯೆಲ್ಲ ಹಂಚಿ ತಿನ್ನುತ್ತಿದ್ದರು. ಅಲ್ಲಿ ಮುಗಿದದ್ದು ಬೇರೆ ರೀತಿ. ಪರವಾನಗಿಯ ಜಗಳವಾಗಿ ೨೦೧೭ರಲ್ಲಿ ಸ್ಥಳೀಯ ಆಡಳಿತ ಹಣ್ಣಿನ ಗಿಡಗಳನ್ನು ಕಡಿಸಿಹಾಕಿತು. ಹಂಚಿಕೊಂಡು ತಿಂದರೂ ಕಾಗದ ಬೇಕು!

ನಮ್ಮ ಬೆಂಗಳೂರಿನ ಕತೆ ಇನ್ನೂ ಬೇರೆ. ಸಾಲುಮರಗಳಿಗೆ ಹೆಸರಾದ ಊರು. ಲಾಲ್‌ಬಾಗನ್ನು ನೋಡಿಕೊಂಡ ಕ್ರುಂಬೀಗಲ್ ವರ್ಷವಿಡೀ ಒಂದಾದ ಮೇಲೊಂದು ಹೂ ಬಿಡುವಂತೆ ಮರಗಳನ್ನು ಆರಿಸಿ ರಸ್ತೆಗೆ ಹಾಕಿಸಿದರು. ಆ ಮರಗಳನ್ನು ರಸ್ತೆ ಅಗಲ ಮಾಡುವವರಿಂದ ಉಳಿಸಲು ೨೦೦೫ರ ಹೊತ್ತಿಗೆ 'ಹಸಿರು ಉಸಿರು' ಎಂದು ಜನ ಕೂಡಿದರು. ಇದೆಲ್ಲ ಸರಿ. ಆದರೆ ಅದೇ ಊರಿನ ಸ್ಥಿತಿವಂತರ ಬಡಾವಣೆಗಳಲ್ಲಿ ಕಾಲುದಾರಿಯ ಮೇಲೆ ಹುಲ್ಲು ಹಾಸಿ, ಕಬ್ಬಿಣದ ಸರಳು ನಿಲ್ಲಿಸಿ, ಕುಂಡಗಳನ್ನು ಜೋಡಿಸಿ ತೋಟವೆಂದು ಕರೆಯುವುದನ್ನು ನಾನು ನೋಡಿದ್ದೇನೆ. ಮನೆಯೊಳಗೆ ಬೇಕಾದಷ್ಟು ಜಾಗವಿದೆ. ಹೊರಗಿನ ತೋಟ ಬೇಕಾಗಿರುವುದು ಯಾರೂ ಗಾಡಿ ನಿಲ್ಲಿಸಬಾರದು, ಸೊಪ್ಪಿನವಳು ಬುಟ್ಟಿ ಇಳಿಸಬಾರದು ಎಂದು. ಅಂಥ ತೋಟದ ಮುಂದೆ ಶಾಲೆಯ ಮಕ್ಕಳು ವಾಹನಗಳ ನಡುವೆ ನಡೆಯಬೇಕು. ಗಾಲಿಕುರ್ಚಿಯಲ್ಲಿ ಬಂದವರು ಹಿಂದಿರುಗಬೇಕು. ಅಡ್ಡಿಯಿಲ್ಲದ ಕಾಲುದಾರಿ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಲ್ಲಿ ಹೇಳಿದೆ. ಹೂವಿನ ಗಿಡವಾದರೂ ಅಡ್ಡಿ ಅಡ್ಡಿಯೇ. ಈ ತೋಟಗಳನ್ನು ತೆಗೆಸಿದರೆ ನಾನು ಕಣ್ಣೀರು ಹಾಕುವವಳಲ್ಲ. ದೊಡ್ಡವ್ವನ ಕನಕಾಂಬರಕ್ಕೂ ಇದಕ್ಕೂ ಒಂದೇ ಹೆಸರಿನ ನೋಟೀಸು ಹೋಗುತ್ತದಲ್ಲ ಎಂಬುದೇ ನನ್ನ ತಕರಾರು. ಓಣಿಯ ಹಿರಿಯರು ಮುಳ್ಳಿಗೂ ಗಿಡಕ್ಕೂ ಕಂಡ ವ್ಯತ್ಯಾಸವನ್ನು ನೋಟೀಸಿನ ಅಚ್ಚು ಕಾಣುವುದಿಲ್ಲ.

ಇಷ್ಟೆಲ್ಲ ಬರೆಯುವ ಹೊತ್ತಿಗೆ ನಮ್ಮ ಕಡೆ ಆ ಎರಡು ಮೊಳದ ಜಗಳವೇ ಇಲ್ಲವಾಗುತ್ತ ಬಂದಿದೆ. ಯಾರೂ ಗೆದ್ದು ಮುಗಿದದ್ದಲ್ಲ. ಹಳ್ಳಿ ಹಳ್ಳಿಗೆ ಸಿಮೆಂಟಿನ ರಸ್ತೆ ಬಂದಿತು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಬೆರಳು ಮಣ್ಣು ಬಿಡದೆ ಹಾಸಿದರು. ಕೆಸರು ಹೋಯಿತು, ಮಳೆಗಾಲದಲ್ಲಿ ಸೀರೆ ಎತ್ತಿ ಹಿಡಿದು ನಡೆಯುವುದು ತಪ್ಪಿತು, ಬಾಣಂತಿಯನ್ನು ಮನೆಯ ಬಾಗಿಲಿನವರೆಗೆ ಗಾಡಿಯಲ್ಲಿ ತರುವಂತಾಯಿತು. ಇದನ್ನು ಬೇಡವೆನ್ನಲು ನಾನು ಪಟ್ಟಣದಲ್ಲಿ ಕೂತ ಮಡ್ಡಿಯಲ್ಲ. ಬಚ್ಚಲ ನೀರು ಈಗ ಗಟಾರಕ್ಕೆ ಹೋಗುತ್ತದೆ. ಗಟಾರ ತುಂಬಿದಾಗ ಎಲ್ಲಿಗೆ ಹೋಗುತ್ತದೆಂಬುದು ಬೇರೆ ಮಾತು. ವಾಡಿಯಲ್ಲಿ ೧೯೬೮ರಿಂದ, ಆಮೇಲೆ ಸೇಡಂ, ಮಳಖೇಡದ ಕಡೆ ದೊಡ್ಡ ದೊಡ್ಡ ಸಿಮೆಂಟು ಕಾರ್ಖಾನೆಗಳು ಎದ್ದಿವೆ. ನೆಲದ ಕೆಳಗಿನ ಅದೇ ಸುಣ್ಣದ ಕಲ್ಲು ಪುಡಿಯಾಗಿ ಬಂದು ನೆಲದ ಮೇಲೆ ಕೂತಿತು.

ತಿಮ್ಮಕ್ಕ ೨೦೨೫ರ ನವೆಂಬರ್ ೧೪ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ೧೧೪ ವರ್ಷವೆಂದು ಪತ್ರಿಕೆಗಳು ಬರೆದವು. ಆ ವಾರ ನಮ್ಮ ಕಡೆಯ ಶಾಲೆಗಳಲ್ಲೂ ಅವರ ಪಟವಿಟ್ಟು ಹೂ ಏರಿಸಿ ಮಕ್ಕಳ ಕೈಯಲ್ಲಿ ಸಸಿ ಕೊಟ್ಟು ಕಳಿಸಿದರು. ನಮ್ಮ ಓಣಿಯ ಹುಡುಗಿಯೊಬ್ಬಳು ಬೇವಿನ ಸಸಿ ಹಿಡಿದುಕೊಂಡು ಸಿಮೆಂಟಿನ ರಸ್ತೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಕೊನೆಗೆ ಅವಳ ಅವ್ವ ಬಣ್ಣದ ಖಾಲಿ ಡಬ್ಬಿಯೊಂದಕ್ಕೆ ಮೊಳೆಯಿಂದ ತೂತು ಹೊಡೆದು, ಹೊಲದ ಮಣ್ಣು ತುಂಬಿ, ಅದರಲ್ಲಿ ನೆಟ್ಟು ಗೋಡೆಗೆ ಒತ್ತಿ ಇಟ್ಟಳು. ಸಾಯಂಕಾಲ ಟ್ರ್ಯಾಕ್ಟರ್ ಬರುವ ಹೊತ್ತಿಗೆ ಅದನ್ನು ಎತ್ತಿ ಕಟ್ಟೆಯ ಮೇಲಿಡುತ್ತಾಳೆ, ಬೆಳಿಗ್ಗೆ ಕಸ ಹೊಡೆದ ಮೇಲೆ ಮತ್ತೆ ಕೆಳಗಿಳಿಸುತ್ತಾಳೆ. ಸಸಿಗೆ ಈಗ ನಾಲ್ಕು ಹೊಸ ಎಲೆ ಬಂದಿವೆ. ಡಬ್ಬಿ ಸಣ್ಣದಾಗುತ್ತ ಬಂದಿದೆ.